‘ಕಾಂಟ್ರಿಬ್ಯೂಟರ್’ಗೆ ಯಾವ ಪದ? ಫ್ಲೆಕ್ಸ್ ನಾಳೆ ಪ್ರಿಂಟಿಗೆ

ತುಮಕೂರಿನಿಂದ:
ಗೆಳೆಯರೇ, ಭಾನುವಾರ ಇಲ್ಲಿ ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಸಾಫ್ಟ್‌ವೇರ್) ಶಿಬಿರ. ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್‌ನ ಕನ್ನಡ ಅನುವಾದ, ಬಗ್ (ದೋಷ) ವರದಿ, ಸಣ್ಣ ಪ್ಯಾಚ್ (ತಂತ್ರಾಂಶದ ತಿದ್ದುಪಡಿ) ಕಳಿಸುವುದು, ಇಷ್ಟು ಕಲಿಸುತ್ತೇವೆ. ಹೀಗೆ ಕೆಲಸ ಮಾಡಿಕೊಡುವವರೇ ‘ಕಾಂಟ್ರಿಬ್ಯೂಟರ್’. ಫ್ಲೆಕ್ಸಿಗೆ ‘ನೀವೂ ಕೊಡುಗೆದಾರರಾಗಿ’ ಎಂದು ಬರೆದುಕೊಟ್ಟೆ. ಪ್ರಿಂಟಿಂಗ್ ಅಂಗಡಿಯವರು ಓದಿ, ‘ಎಷ್ಟು ಕೊಡಬೇಕು ಸಾರ್, ರಸೀದಿ ಇರುತ್ತಾ?’ ಅಂದರು. ಕೊಡುಗೆ ಅಂದರೆ ಜನಕ್ಕೆ ದೇಣಿಗೆ, ಇಲ್ಲವೇ ಸೀರೆ ಅಂಗಡಿಯ ಹಬ್ಬದ ಕೊಡುಗೆ. ಕೇಳುತ್ತಿರುವುದು ದುಡ್ಡಲ್ಲ, ಕೆಲಸ ಅನ್ನುವುದು ಪದದಲ್ಲೇ ಕಾಣಬೇಕು. ನಾಳೆ ಸಂಜೆ ನಾಲ್ಕರೊಳಗೆ ಹೇಳಿ.

ಚಿಂತಾಮಣಿಯಿಂದ:
‘ಕೊಡುಗೆದಾರ’ದ ‘ದಾರ’ ಪಾರಸಿ. ಓದುಗ, ಕೇಳುಗ, ನೋಡುಗ ಇರುವಾಗ ‘ಕೊಡುಗ’ ಸಾಕು. ಇದರಲ್ಲಿ ಚರ್ಚಿಸುವುದೇನಿದೆ?

ಕೋಲಾರದಿಂದ:
ಫ್ಲೆಕ್ಸ್ ಮೇಲೆ ‘ಕೊಡುಗ’ವನ್ನು ದೂರದಿಂದ ಎಲ್ಲರೂ ‘ಕೊಡಗು’ ಎಂದೇ ಓದುತ್ತಾರೆ. ಆಗದು. ಪ್ರತ್ಯಯ ಹಾಗಿರಲಿ, ನನ್ನ ತಕರಾರು ಕೊಡುಗೆಯ ಮೇಲೆಯೇ. ಶಾಸನಗಳ ‘ಕಟ್ಟುಕೊಡಗೆ’ ನೋಡಿ: ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆ ಸರಿಪಡಿಸಿದವನಿಗೆ ಬಿಟ್ಟುಕೊಟ್ಟ ಭೂಮಿ. ಕಾಳಗದಲ್ಲಿ ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’. ಎರಡರಲ್ಲೂ ದುಡಿದವನ ಕಡೆಯವರು ಕೊಡಗೆ ಪಡೆದರು, ಕೊಟ್ಟವರು ಬೇರೆಯವರು. ಕೆರೆಗಳ ಸೀಮೆಯಲ್ಲಿ ಕೂತು ಅದನ್ನು ತಿರುಗುಮುರುಗು ಮಾಡಲು ನನಗೆ ಮನಸ್ಸಿಲ್ಲ. ‘ಮುಯ್ಯಾಳು’ ಎನ್ನಿ. ರಾಗಿ ಕೊಯ್ಲಿಗೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ.

ಶಿರಾದಿಂದ:
ಕೂಲಿ ಇಲ್ಲ, ಲೆಕ್ಕ ಇದೆ. ಬಂದ ಆಳಿಗೆ ಆಳು ಕಳಿಸಲೇಬೇಕು. ಪ್ಯಾಚ್ ಕಳಿಸಿದವನಿಗೆ ಆ ಋಣ ಯಾರೂ ತೀರಿಸಬೇಕಿಲ್ಲ. ಯೋಜನೆ ನೋಡಿಕೊಳ್ಳುವವರು ಓದುತ್ತಾರೆ, ತಿದ್ದಿ ತಾ ಅನ್ನುತ್ತಾರೆ, ಒಪ್ಪಿಗೆಯಾದರೆ ಸೇರಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಜೊತೆಗೆ ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡಾಯಿತು. ಚಿಂತಾಮಣಿಯವರಿಗೆ: ಪಾಲುದಾರ, ಗುತ್ತಿಗೆದಾರ, ಖಾತೆದಾರ ಎಲ್ಲವನ್ನೂ ಪಾರಸಿ ಎಂದು ಹೊರಗೆ ಹಾಕುತ್ತೀರಾ? ನಮ್ಮ ಅಜ್ಜಿಗೂ ಗೊತ್ತಿದ್ದ ‘ದಾರ’ ಅದು, ಕನ್ನಡವೇ. ಫ್ಲೆಕ್ಸಿಗೆ ನಾಮಪದವೇ ಏಕೆ? ‘ಕೈಜೋಡಿಸಿ’ ಅಂದರೆ ದುಡ್ಡು ಯಾರಿಗೂ ನೆನಪಾಗುವುದಿಲ್ಲ.

ತುಮಕೂರಿನಿಂದ:
‘ಲಿಬ್ರೆಆಫೀಸ್ ಕನ್ನಡಕ್ಕೆ ಕೈಜೋಡಿಸಿ’ ಎಂದು ಕಳಿಸಿಬಿಟ್ಟೆ. ಈ ಸಲ ಅಂಗಡಿಯವರು ‘ನನ್ನ ಮಗಳು ಬರಬಹುದಾ? ಲ್ಯಾಪ್‌ಟಾಪ್ ಇಲ್ಲ’ ಅಂದರು. ಬರಲಿ, ಒಂದು ಕೊಡುತ್ತೇವೆ ಅಂದಿದ್ದೇನೆ. ಶಿಬಿರದ ಕೈಪಿಡಿಯ ಹೆಸರುಪಟ್ಟಿಗೆ ಮಾತ್ರ ನಾಮಪದ ಬೇಕೇ ಬೇಕು. ಅಲ್ಲಿ ‘ಕೈಜೋಡಿಸಿದವರು’ ಎಂದು ಹಾಕುತ್ತಿದ್ದೇನೆ.

ಚಿಂತಾಮಣಿಯಿಂದ:
ಕೈಪಿಡಿ ನಿಮ್ಮದು. ನನ್ನ ಅನುವಾದಗಳಲ್ಲಿ ‘ಕೊಡುಗ’ವೇ ಇರುತ್ತದೆ.