ಹೊಸ ಮನೆ ಅಂಗಳಕ್ಕೆ ಲಿಲ್ಲಿ: ಚೀಲದಲ್ಲಿರೋದು ಯಾವುದು, ಎಲ್ಲಿ ಹಚ್ಚೋದು?

ಕೇಳಿದವರು, ಹುಬ್ಬಳ್ಳಿ

ಹೊಸ ಮನೆ ಕಟ್ಟಿಸಿದ್ದೇವೆ. ಮುಂದೆ ಹತ್ತಡಿ ಅಗಲದ ಅಂಗಳ ಉಳಿದಿದೆ. ಎರೆ ಮಣ್ಣು. ಧಾರವಾಡದ ನಮ್ಮ ಅತ್ತೆ ಒಂದು ಚೀಲ ಗೆಡ್ಡೆ ಕೊಟ್ಟಿದ್ದಾರೆ. ಯಾವುದು ಯಾವುದು ಅಂತ ಕೇಳಿದರೆ "ಎಲ್ಲಾ ಲಿಲ್ಲಿನೇ, ಸುಮ್ನೆ ಹಚ್ಚು" ಅಂತಾರೆ. ಕೆಲವು ಗೋಲಿಯಷ್ಟು ಸಣ್ಣ, ಕೆಲವು ಮುಷ್ಟಿಯಷ್ಟು ದೊಡ್ಡವು. ಒಂದಕ್ಕೆ ಗೆಡ್ಡೆನೇ ಇಲ್ಲ, ಬರೀ ದಪ್ಪ ಬೇರು. ಹೇಗೆ ಗುರುತಿಸೋದು? ಒಮ್ಮೆ ಹಚ್ಚಿದರೆ ವರ್ಷಾ ವರ್ಷಾ ತಾನೇ ಬರೋ ಗಿಡ ಬೇಕು. ನಳ ದಿನಾ ಬರಲ್ಲ, ಹಾಗಾಗಿ ನೀರು ಜಾಸ್ತಿ ಕೇಳೋದು ಬೇಡ.

ಧಾರವಾಡದಿಂದ

ಅಕ್ಕಾವ್ರೇ, ನಿಮ್ಮ ಅತ್ತೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಗೆಡ್ಡೆಯಿಂದ ಬರುವ ಉದ್ದ ಎಲೆಯ ಹೂವೆಲ್ಲಾ ಲಿಲ್ಲಿನೇ. ಆದರೆ ಸಸ್ಯಶಾಸ್ತ್ರದವರು ಲಿಲ್ಲಿ ಅನ್ನೋದು ಲಿಲಿಯಂ ಕುಲದ ಗಿಡಕ್ಕೆ ಮಾತ್ರ. ಅದು ನಿಮ್ಮ ಚೀಲದಲ್ಲಿ ಇರೋದು ಅನುಮಾನ.

ಹೂವು ಬಿಡೋವರೆಗೆ ಕಾಯಬೇಕಿಲ್ಲ. ಗೆಡ್ಡೆ, ಎಲೆ ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತೆ. ಗೋಲಿಯಷ್ಟು ಸಣ್ಣವು ರೇನ್ ಲಿಲ್ಲಿ ಇರಬೇಕು. ತೆಳ್ಳನೆಯ ಎಲೆ, ಒಂದು ದಂಟಿಗೆ ಒಂದೇ ಹೂವು. ಗುಲಾಬಿ, ಬಿಳಿ, ಹಳದಿ ಬಣ್ಣಗಳಿವೆ. ಬಿಸಿಲಲ್ಲಿ ಒಣಗಿ ನಿಂತ ಗಿಡಕ್ಕೆ ಒಂದು ದೊಡ್ಡ ಮಳೆ ಬಿದ್ದರೆ ಕೆಲವೇ ದಿನದಲ್ಲಿ ಸಾಲಾಗಿ ಹೂವು. ಮೂರು ಬೆರಳು ಅಂತರ ಬಿಟ್ಟು, ಎರಡು ಇಂಚು ಆಳದಲ್ಲಿ, ದಾರಿ ಅಂಚಿಗೆ ಹಚ್ಚಿ.

ಗೆಡ್ಡೆ ಇಲ್ಲದ ದಪ್ಪ ಬೇರಿನದು ಡೇ ಲಿಲ್ಲಿ. ಎಲೆಗಳು ಬುಡದಿಂದ ಎರಡೇ ಕಡೆಗೆ ಬೀಸಣಿಗೆ ಬಿಚ್ಚಿದ ಹಾಗೆ ಬರುತ್ತವೆ. ಒಂದು ಹೂವಿಗೆ ಒಂದೇ ದಿನದ ಆಯುಷ್ಯ, ಆದರೆ ದಂಟಿನಲ್ಲಿ ಮೊಗ್ಗು ಸರದಿಯಲ್ಲಿರುತ್ತವೆ. ಬೇರು ಕೂಡುವ ಜಾಗ ಒಂದಿಂಚಿಗಿಂತ ಕೆಳಗೆ ಹೋಗಬಾರದು.

ಮುಷ್ಟಿಯಷ್ಟು ದೊಡ್ಡವುಗಳಲ್ಲೇ ಗೊಂದಲ ಆಗೋದು. ಕಂದು ಸಿಪ್ಪೆಯ ದುಂಡು ಗೆಡ್ಡೆಯಾದರೆ ಹೆಚ್ಚಿನ ಮಟ್ಟಿಗೆ ಅಮರಿಲ್ಲಿಸ್. ಅದರ ಸರಿಯಾದ ಹೆಸರು ಹಿಪ್ಪಿಯಾಸ್ಟ್ರಂ. ಬೇಸಿಗೆಯಲ್ಲಿ ಕೆಂಪು, ಕಿತ್ತಳೆ ಬಣ್ಣದ ದೊಡ್ಡ ಹೂವು. ದಂಟು ಕತ್ತರಿಸಿ ನೋಡಿ, ಒಳಗೆ ಟೊಳ್ಳಿರುತ್ತದೆ. ಸ್ಪೈಡರ್ ಲಿಲ್ಲಿಯ ದಂಟು ಗಟ್ಟಿ. ಅದರ ಬಿಳಿ ಹೂವಿನ ನಡುವೆ ತೆಳು ಪೊರೆಯ ಬಟ್ಟಲಿದ್ದು, ಕೇಸರಗಳು ಆ ಬಟ್ಟಲಿನ ಅಂಚಿನಿಂದಲೇ ಮೇಲೇಳುತ್ತವೆ. ಬಟ್ಟಲಿಲ್ಲದೆ, ಕೇಸರ ಕೆನ್ನೇರಳೆ ಬಣ್ಣಕ್ಕಿದ್ದರೆ ಅದು ಕ್ರೈನಂ. ನರ್ಸರಿಯಲ್ಲಿ ಎರಡನ್ನೂ ಸ್ಪೈಡರ್ ಲಿಲ್ಲಿ ಅಂತಲೇ ಮಾರುತ್ತಾರೆ. ಕ್ರೈನಂ ಆಳೆತ್ತರ ಹಬ್ಬುತ್ತೆ, ಹತ್ತಡಿ ಅಂಗಳಕ್ಕೆ ಜಾಸ್ತಿಯಾಯಿತು.

ಇನ್ನೊಂದು ಫುಟ್‌ಬಾಲ್ ಲಿಲ್ಲಿ. ಮೇ ಹೊತ್ತಿಗೆ ಅರಳುವುದರಿಂದ ಮೇ ಫ್ಲವರ್ ಅಂತಲೂ ಕರೆಯುತ್ತಾರೆ. ಬರಿಗೆಡ್ಡೆಯಿಂದ ಕೆಂಪು ಚೆಂಡು ಏಳುತ್ತದೆ, ಎಲೆ ಅದರ ಜೊತೆಗೋ ಆಮೇಲೋ ಬರುತ್ತವೆ. ಚಳಿಗಾಲಕ್ಕೆ ಪೂರ್ತಿ ಮಾಯ. ಸತ್ತಿತು ಅಂತ ಯಾರೋ ಆ ಜಾಗ ಅಗೆದು ಸೇವಂತಿಗೆ ಹಚ್ಚಿಬಿಡುತ್ತಾರೆ! ಒಂದು ಕಲ್ಲೋ ಕಡ್ಡಿಯೋ ಗುರುತಿಡಿ.

ಅಮರಿಲ್ಲಿಸ್ ಗೆಡ್ಡೆಯ ಕತ್ತು ಮಣ್ಣಿನ ಮೇಲಿರಲಿ. ಪೂರ್ತಿ ಹೂತರೆ ಎರೆ ಮಣ್ಣಲ್ಲಿ ಕೊಳೆಯುತ್ತೆ. ಸ್ಪೈಡರ್ ಲಿಲ್ಲಿಗೆ ಒಂದೂವರೆ ಅಡಿ ಅಂತರ ಕೊಡಿ, ಈಗ ಖಾಲಿ ಕಂಡರೂ ಪರವಾಗಿಲ್ಲ.

ಆನ್‌ಲೈನ್‌ನಲ್ಲಿ ಬಣ್ಣದ ಚಿತ್ರ ತೋರಿಸಿ ಮಾರುವ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗೆ ಮಾತ್ರ ದುಡ್ಡು ಹಾಕಬೇಡಿ. ಅವೇ ನಿಜವಾದ ಲಿಲ್ಲಿ. ಗೆಡ್ಡೆಗೆ ಮೇಲ್ಸಿಪ್ಪೆ ಇಲ್ಲ, ಬಿಡಿ ಬಿಡಿ ಎಸಳು. ಅವಕ್ಕೆ ಚಳಿ ಬೇಕು. ಶೀತಘಟಕದಲ್ಲಿ ಇಟ್ಟು ಕಳಿಸಿದ್ದರಿಂದ ಮೊದಲ ಸಲ ಹೂವು ಬರುತ್ತೆ. ಆಮೇಲೆ ನಮ್ಮ ಸೆಕೆಗೆ ಗೆಡ್ಡೆ ಸೊರಗುತ್ತಾ ಹೋಗುತ್ತದೆ. ನಿಮಗೆ ಬೇಕಿರೋದು ವರ್ಷಾ ವರ್ಷಾ ಬರೋದು ಅಲ್ವಾ?

ಗದಗದಿಂದ

ಗೆಡ್ಡೆ ಯಾವುದು ಅನ್ನೋದಕ್ಕಿಂತ ಮೊದಲು ಮಣ್ಣು ನೋಡಿ ರೀ. ಹೊಸ ಮನೆ ಅಂಗಳ ಅಂದರೆ ಮೇಲೆ ನಾಲ್ಕಿಂಚು ಮಣ್ಣು, ಕೆಳಗೆ ಇಟ್ಟಂಗಿ ಚೂರು, ಖಡಿ, ಗಟ್ಟಿಯಾದ ಸಿಮೆಂಟ್. ಎರೆ ಮಣ್ಣಿಗೆ ಮೊದಲೇ ಸುಣ್ಣದ ಅಂಶ ಜಾಸ್ತಿ, ಸಿಮೆಂಟ್ ಸೇರಿದರೆ ಇನ್ನೂ ಹೆಚ್ಚುತ್ತೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಅಂತ ತಿಳಿಯಿರಿ. ದಾಸವಾಳದಲ್ಲಿ ಇದು ಬೇಗ ಕಾಣುತ್ತೆ.

ಒಂದಡಿ ಅಗೆಸಿ ಕಸ ತೆಗೆಸಿ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಆ ಬಿರುಕಿನಲ್ಲಿ ಸಣ್ಣ ಬೇರು ಹರಿದೇ ಹೋಗುತ್ತವೆ. ಅದಕ್ಕೆ ಒಂದು ಗಾಡಿ ಮಸಾರಿ ಮಣ್ಣು ತರಿಸಿ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸೇರಿಸಿ, ಅರ್ಧ ಅಡಿ ಏರಿಸಿ ಮಡಿ ಮಾಡಿ. ಬೇಸಿಗೆಯಲ್ಲಿ ಒಣ ಎಲೆ, ಹೊಟ್ಟು, ಏನು ಸಿಗುತ್ತೋ ಅದನ್ನು ಮೇಲೆ ಹೊದಿಸಿದರೆ ನೀರಿನ ಚಿಂತೆ ಅರ್ಧ ಕಡಿಮೆ.

ಗೆಡ್ಡೆ ರೋಹಿಣಿ ಮಳೆಗೆ ಹಚ್ಚಿ. ಉಳಿದ ಗಿಡಕ್ಕೆ ಅವಸರ ಬೇಡ. ಮಿರಗದ ಮಳೆ ಎರಡು ಸಲ ಜೋರಾಗಿ ಬರಲಿ, ನೀರು ಎಲ್ಲಿ ನಿಲ್ಲುತ್ತೆ ನೋಡಿಕೊಳ್ಳಿ. ಅಲ್ಲಿ ಮಲ್ಲಿಗೆ ಬೇಡ, ಕ್ಯಾನಾ ಹಚ್ಚಿ. ಗೋಡೆ ಬಿಸಿಲು ಹೊಡೆಯೋ ಕಡೆ ಕಣಗಿಲೆ, ನಂದಿಬಟ್ಟಲು. ಕಣಗಿಲೆ ಪೂರ್ತಿ ವಿಷ, ಸಣ್ಣ ಮಕ್ಕಳಿದ್ದರೆ ನಂದಿಬಟ್ಟಲು ಒಂದೇ ಸಾಕು.

ಕೇಳಿದವರು

ಬೆಕ್ಕು ಇದೆ, ತೊಂದರೆ ಆಗುತ್ತಾ? ಮತ್ತೆ ಅಗ್ನಿಶಿಖೆನೂ ಲಿಲ್ಲಿನಾ? ಕಾಂಪೌಂಡಿಗೆ ಹಬ್ಬಿಸಬೇಕು ಅಂತ ಆಸೆ.

ಹಾವೇರಿಯಿಂದ

ಬೆಕ್ಕಿದ್ದರೆ ಡೇ ಲಿಲ್ಲಿ ಬೇಡವೇ ಬೇಡ. ಅದೂ, ನಿಜವಾದ ಲಿಲ್ಲಿಯೂ ಬೆಕ್ಕಿನ ಕಿಡ್ನಿ ಕೆಡಿಸುತ್ತವೆ. ಎಲೆ ಸ್ವಲ್ಪ ಕಚ್ಚಿದರೂ, ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಅಪಾಯ. ತಿಂದಿದ್ದು ಕಂಡರೆ ಅದೇ ಹೊತ್ತಿಗೆ ಪಶುವೈದ್ಯರ ಹತ್ತಿರ ಓಡಬೇಕು. ಉಳಿದ ಗೆಡ್ಡೆಗಳೂ ತಿಂದರೆ ವಾಂತಿ, ಭೇದಿ ತರುತ್ತವೆ. ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಪಕ್ಕ ಇಡಬೇಡಿ.

ಅಗ್ನಿಶಿಖೆಯ ಹೆಸರಲ್ಲಿ ಲಿಲ್ಲಿ ಇದೆ, ಗ್ಲೋರಿ ಲಿಲ್ಲಿ ಅಂತ. ಕುಲ ಮಾತ್ರ ಬೇರೆ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿದುಕೊಳ್ಳುತ್ತದೆ, ಅದೇ ಗುರುತು. ಹೂವು ಮೊದಲು ಹಳದಿ, ಹಸಿರು, ಆಮೇಲೆ ಕೆಂಡದ ಕೆಂಪು. ಗೆಡ್ಡೆ ಇಂಗ್ಲಿಷ್ ವಿ ಆಕಾರದಲ್ಲಿರುತ್ತದೆ. ಅಡ್ಡ ಮಲಗಿಸಿ ಹಚ್ಚಿ. ತುದಿಯ ಮೊಳಕೆ ಮುರಿದರೆ ಆ ಕಡೆ ಚಿಗುರುವುದಿಲ್ಲ. ಇದೂ ಬಲು ವಿಷ, ಕಾಲ್ಚಿಸಿನ್ ಇರುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಕಾಡಿನಿಂದ ಕಿತ್ತು ತರಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿಂದ ಗಿಡ ತರೋದು ಅಪರಾಧ. ನರ್ಸರಿಯಲ್ಲಿ ಕೇಳಿ.

ಹುಬ್ಬಳ್ಳಿಯಿಂದ ಇನ್ನೊಬ್ಬರು

ಒಂದು ಮಾತು ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆ ಇರೋ ಹುಳು ಬರುತ್ತೆ. ಲಿಲ್ಲಿ ಪತಂಗದ ಮರಿ ಅದು. ಸ್ಪೈಡರ್ ಲಿಲ್ಲಿ, ಅಮರಿಲ್ಲಿಸ್, ಅಗ್ನಿಶಿಖೆ ಯಾವುದನ್ನೂ ಬಿಡಲ್ಲ. ನೋಡನೋಡ್ತಾ ಎಲೆ ಖಾಲಿ. ಬೆಳಿಗ್ಗೆ ಎಲೆಯ ಅಡಿಭಾಗ ತಿರುಗಿಸಿ ನೋಡಿ, ಕಡ್ಡಿಯಿಂದ ಸೋಪಿನ ನೀರಿಗೆ ಕೆಡವಿ. ಸಣ್ಣ ಮರಿ ಇದ್ದಾಗ ಬೇವಿನ ಎಣ್ಣೆ ನಡೆಯುತ್ತೆ. ಬಲಿತ ಮೇಲೆ ಕೈಯಿಂದ ಆರಿಸೋದೇ ಸರಿ. ಎಲೆ ಪೂರ್ತಿ ಹೋದರೂ ಗೆಡ್ಡೆ ಕೀಳಬೇಡಿ, ಅದು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತೆ.