ಎಂವಿಯಲ್ಲಿ ಮಲೆನಾಡಿನ ಹಳ್ಳಿ ಮ್ಯಾಪ್: ಖಾಲಿ ಖಾಲಿ ಕಾಣುತ್ತೆ, ಅಡಿಕೆ ಮರ ತುಂಡಾಗುತ್ತೆ

ಹಳ್ಳಿದಾರಿ:
ಆರ್‌ಪಿಜಿ ಮೇಕರ್ ಎಂವಿಯಲ್ಲಿ (ಗೇಮ್ ಮಾಡೋ ಸಾಫ್ಟ್‌ವೇರ್) ಮಲೆನಾಡಿನ ಒಂದು ಊರು ಮಾಡ್ತಿದ್ದೀನಿ. ಮ್ಯಾಪ್ 60×60 ಟೈಲ್ (ಮ್ಯಾಪ್ ಜೋಡಿಸೋ ಚೌಕ ಚಿತ್ರದ ತುಂಡು). ನಾಲ್ಕು ಹಂಚಿನ ಮನೆ, ಒಂದು ಬಾವಿ, ತಗ್ಗಿನಲ್ಲಿ ಅಡಿಕೆ ತೋಟ, ಹಿಂದೆ ಬೆಟ್ಟ. ಎಲ್ಲಿ ನೋಡಿದರೂ ಬರೀ ಹುಲ್ಲು. ಹೂವು, ಪೊದೆ ಚೆಲ್ಲಿದರೆ ಇನ್ನೂ ಗಲೀಜು. ಅಡಿಕೆ ಮರ 4 ಟೈಲ್ ಎತ್ತರ. ಒತ್ತಾಗಿ ಇಟ್ಟರೆ ಹಿಂದಿನ ಮರದ ಕಾಂಡ ನಡುವೆ ಮಾಯವಾಗುತ್ತೆ. ಹೀರೋ ಸೋಗೆಯ ಮೇಲೆ ನಡೆದ ಹಾಗೆ ಕಾಣ್ತಾನೆ. ಬೆಟ್ಟದಲ್ಲಿ ಎರಡು ಹಂತದ ಧರೆ (ಕಡಿದಾದ ಮಣ್ಣಿನ ಗೋಡೆ) ಹಾಕಿದರೆ ಎರಡೂ ಅಂಟಿಕೊಂಡು ಒಂದೇ ಗೋಡೆ ಆಗುತ್ತೆ. ಎಲ್ಲಿಂದ ಸರಿಮಾಡಲಿ?

ಚೌಕಳಿ:
ಮೊದಲು ಅಳತೆ. ಎಂವಿಯ ಪರದೆ 816×624 ಪಿಕ್ಸೆಲ್, ಟೈಲ್ 48×48. ಅಂದ್ರೆ ಆಡುವವರಿಗೆ ಒಂದು ಸಲಕ್ಕೆ ಕಾಣೋದು 17×13, ಒಟ್ಟು 221 ಟೈಲ್. ನಿಮ್ಮ ಮ್ಯಾಪಿನಲ್ಲಿ 3600 ಟೈಲ್ ಇದೆ, ಅಂದರೆ 16 ಪರದೆಗಿಂತ ಹೆಚ್ಚು. ನಾಲ್ಕು ಮನೆ ಅಷ್ಟು ಜಾಗ ತುಂಬಲ್ಲ. ಅಲಂಕಾರ ಹೆಚ್ಚಿಸೋಕೆ ಹೋಗಬೇಡಿ, ಮ್ಯಾಪನ್ನೇ 36×28ಕ್ಕೆ ಇಳಿಸಿ. ಆಗ ಹೆಚ್ಚುಕಮ್ಮಿ ನಾಲ್ಕೂವರೆ ಪರದೆ, ಒಂದೊಂದರಲ್ಲೂ ಕಣ್ಣು ನಿಲ್ಲೋಕೆ ಏನಾದರೊಂದು ಸಿಗುತ್ತೆ.

ಪೊದೆ ಗಲೀಜಾಗಿ ಕಾಣೋದು ಅದನ್ನ ಸಮನಾಗಿ ಚೆಲ್ಲಿರೋದರಿಂದ. ಜನ ಓಡಾಡೋ ಕಡೆ ಹುಲ್ಲು ಸವೆದು ಮಣ್ಣು ಕಾಣಬೇಕು: ಮನೆಯ ಅಂಗಳ, ಬಾವಿಯ ಸುತ್ತ, ಇವೆರಡರ ನಡುವಿನ ದಾರಿ. ಕಾಲು ಬೀಳದ ಕಡೆ ಗಿಡ ಬೆಳೆಯಲಿ: ಗೋಡೆಯ ಬುಡ, ಬೇಲಿಯ ಸಾಲು, ಧರೆಯ ಕೆಳಗೆ. ಅಲ್ಲೂ ಮೂರು ನಾಲ್ಕು ಸೇರಿಸಿ ಗುಂಪು ಮಾಡಿ, ಮಧ್ಯೆ ಜಾಗ ಬಿಡಿ. ದಾರಿ 2 ಟೈಲ್ ಅಗಲ ಸಾಕು. ನಾಲ್ಕೈದು ಟೈಲ್‌ಗೊಮ್ಮೆ ಒಂದು ಟೈಲ್ ಪಕ್ಕಕ್ಕೆ ಸರಿಸಿದರೆ ಗೆರೆ ಎಳೆದ ಹಾಗೆ ಕಾಣಲ್ಲ. ಕಾಡಿನ ಅಂಚೂ ಹಾಗೇ ಏರುಪೇರಾಗಿರಲಿ.

ತೋಟ ಮಾತ್ರ ನೇರ ಸಾಲಿನಲ್ಲೇ ಇರಬೇಕು, ಅದನ್ನ ಅಡ್ಡಾದಿಡ್ಡಿ ಮಾಡಬೇಡಿ. ಸಾಲುಗಳ ನಡುವೆ ಬಸಿಗಾಲುವೆ, ಅದರ ಮೇಲೆ ಒಂದು ಸಂಕ (ಕಿರುಸೇತುವೆ), ಅಲ್ಲಲ್ಲಿ ಅಡಿಕೆಯ ಬದಲು ಬಾಳೆ. ಮೇಲೆ ಅಂಕುಡೊಂಕು ಬೆಟ್ಟ, ಕೆಳಗೆ ಸಾಲುಗಟ್ಟಿದ ತೋಟ, ನಡುವೆ ಮನೆ: ನೋಡಿದ ತಕ್ಷಣ ಮಲೆನಾಡು ಅಂತ ಗೊತ್ತಾಗುತ್ತೆ.

ನೆರಳುಪೆನ್:
ತಾಂತ್ರಿಕ ಭಾಗ ನಾನು ಹೇಳ್ತೀನಿ.

ಸೋಗೆಯ ಮೇಲೆ ನಡೆಯೋದು: ಡೇಟಾಬೇಸ್ ತೆರೆದು ಟೈಲ್‌ಸೆಟ್ಸ್‌ಗೆ ಹೋಗಿ, ಪ್ಯಾಸೇಜ್ ಆರಿಸಿ. ಮರದ ಬುಡದ ಟೈಲ್‌ಗೆ ✕ (ನಡೆಯೋಕೆ ಆಗಲ್ಲ), ಅದರ ಮೇಲಿನ ಕಾಂಡ ಮತ್ತು ಸೋಗೆಯ ಟೈಲ್‌ಗಳಿಗೆಲ್ಲ ★. ನಕ್ಷತ್ರ ಹಾಕಿದ ಟೈಲ್ ಪಾತ್ರದ ಮೇಲೆ ಬರುತ್ತೆ. ಅಲ್ಲಿ ನಡೆಯಬಹುದೋ ಇಲ್ಲವೋ ಅನ್ನೋದನ್ನ ಅದೇ ಚೌಕದಲ್ಲಿ ಅದರ ಅಡಿಯಲ್ಲಿರೋ ಟೈಲ್ ತೀರ್ಮಾನಿಸುತ್ತೆ. ಹಾಗಾಗಿ ಕಾಲುವೆಯ ಮೇಲೆ ಸೋಗೆ ಬಾಗಿದ್ದರೂ ಹೀರೋ ನೀರಿಗೆ ಇಳಿಯಲ್ಲ. ಒಂದು ಎಚ್ಚರ: ಈ ಬದಲಾವಣೆ ಆ ಟೈಲ್‌ಸೆಟ್ ಬಳಸೋ ಎಲ್ಲ ಮ್ಯಾಪ್‌ಗೂ ಅನ್ವಯ ಆಗುತ್ತೆ.

ಕಾಂಡ ಮಾಯ ಆಗೋದು: ಬಿ ಇಂದ ಇ ವರೆಗಿನ ಹಾಳೆಗಳ (ಟೈಲ್ ಜೋಡಿಸಿಟ್ಟ ಚಿತ್ರಗಳ) ಟೈಲ್‌ಗಳು ಒಂದು ಚೌಕದಲ್ಲಿ ಎರಡೇ ಉಳಿಯುತ್ತವೆ. ಹೊಸದು ಮೇಲೆ ಕೂರುತ್ತೆ, ಇದ್ದದ್ದು ಒಂದು ಲೇಯರ್ ಕೆಳಗೆ ಸರಿಯುತ್ತೆ. ಮೂರನೇದು ಇಟ್ಟರೆ ಅತಿ ಕೆಳಗಿನದು ಅಳಿಸಿಹೋಗುತ್ತೆ. ಮರ 4 ಟೈಲ್ ಎತ್ತರ ಇರೋದರಿಂದ ಹಿಂದುಮುಂದಿನ ಮರಗಳ ಬುಡಕ್ಕೆ 2 ಟೈಲ್ ಅಂತರ ಕೊಡಿ. ಆಗ ಯಾವ ಚೌಕದಲ್ಲೂ ಎರಡಕ್ಕಿಂತ ಹೆಚ್ಚು ಬರಲ್ಲ. 1 ಟೈಲ್ ಅಂತರ ಆದರೆ ನಾಲ್ಕು ಸೇರುತ್ತವೆ, ತುಂಡಾಗೇ ತೀರುತ್ತೆ. ಪಕ್ಕದ ಸಾಲಿಗೆ 3 ಟೈಲ್ ಬಿಡಿ, ಸೋಗೆ 3 ಅಗಲ ಇದ್ದರೂ ಒಂದರ ಮೇಲೊಂದು ಬರಲ್ಲ. ಯಾವಾಗಲೂ ಹಿಂದಿನ, ಅಂದರೆ ಪರದೆಯ ಮೇಲ್ಭಾಗದ ಸಾಲಿನಿಂದ ಶುರುಮಾಡಿ ಮುಂದಕ್ಕೆ ಬನ್ನಿ. ಎರಡೂ ಲೇಯರ್ ಮರಕ್ಕೇ ಮುಗಿಯೋದರಿಂದ ಕಾಳುಮೆಣಸಿನ ಬಳ್ಳಿಯನ್ನ ಬೇರೆ ಟೈಲ್ ಮಾಡದೆ ಕಾಂಡದ ಟೈಲ್ ಮೇಲೆಯೇ ಬರೆದಿಡಿ. ಎಂಝಡ್ (ಎಂವಿಯ ಮುಂದಿನ ಆವೃತ್ತಿ) ಇದ್ದರೆ ಲೇಯರ್ ಕೈಯಾರೆ ಆರಿಸಬಹುದು.

ಧರೆ ಅಂಟಿಕೊಳ್ಳೋದು: ಎರಡೂ ಹಂತಕ್ಕೆ ಒಂದೇ ಆಟೋಟೈಲ್ (ಅಂಚನ್ನ ತಾನೇ ಹೊಂದಿಸಿಕೊಳ್ಳೋ ಟೈಲ್) ಬಳಸಿದ್ದೀರಿ. ಪಕ್ಕದಲ್ಲಿ ತನ್ನಂಥದ್ದೇ ಟೈಲ್ ಕಂಡರೆ ಅದು ಅಂಚನ್ನ ಅಳಿಸಿ ಸೇರಿಕೊಳ್ಳುತ್ತೆ. ಎದುರಿನ ಗೋಡೆ ಒಂದರ ಕೆಳಗೊಂದು ಬರದ ಹಾಗೆ ನಡುವೆ ಕನಿಷ್ಠ 1 ಸಾಲು ಮೇಲ್ಮೈ ಬಿಡಿ. ಪಕ್ಕದ ಅಂಚುಗಳಿಗೆ ಶಿಫ್ಟ್ ಕೀ ಬೇಕು. ಮ್ಯಾಪಿನ ಖಾಲಿ ಮೂಲೆಯಲ್ಲಿ ಒಂದು ಧರೆ ಬಿಡಿಯಾಗಿ ಬರೆದು, ಬೇಕಾದ ಅಂಚನ್ನ ಶಿಫ್ಟ್ ಹಿಡಿದು ರೈಟ್ ಕ್ಲಿಕ್‌ನಿಂದ ಎತ್ತಿಕೊಳ್ಳಿ, ಶಿಫ್ಟ್ ಹಿಡಿದೇ ಲೆಫ್ಟ್ ಕ್ಲಿಕ್‌ನಿಂದ ಜಾಗಕ್ಕೆ ಇಡಿ. ಹಾಗಿಟ್ಟ ಟೈಲ್ ಅಕ್ಕಪಕ್ಕ ನೋಡಲ್ಲ. ಆಮೇಲೆ ಅದರ ಪಕ್ಕದಲ್ಲಿ ಶಿಫ್ಟ್ ಇಲ್ಲದೆ ಅದೇ ಆಟೋಟೈಲ್ ಬರೆದರೆ ಮತ್ತೆ ಅಂಟಿಕೊಳ್ಳುತ್ತೆ, ಅದಕ್ಕೇ ಈ ಕೆಲಸ ಕೊನೆಗೆ ಇಟ್ಟುಕೊಳ್ಳಿ.

ಧರೆಯ ಬಲಗಡೆ ತಾನಾಗಿ ಬೀಳೋ ನೆರಳು ಚಚ್ಚೌಕವಾಗಿರುತ್ತೆ. ಶ್ಯಾಡೋ ಪೆನ್ ತಗೊಂಡು ಬೇಡದ ಕಡೆ ಅಳಿಸಿ. ಅದು ಕಾಲು ಟೈಲ್ ಲೆಕ್ಕದಲ್ಲಿ ಕೆಲಸ ಮಾಡುತ್ತೆ.

ಹಳ್ಳಿದಾರಿ:
ತೋಟ, ಧರೆ ಎರಡೂ ಸರಿಹೋಯ್ತು, ತುಂಬಾ ಥ್ಯಾಂಕ್ಸ್. ಇನ್ನೊಂದು: ಬಾಳೆ ಗಿಡ 16×16ರಲ್ಲಿ, ಬಾವಿಕಟ್ಟೆ 32×32ರಲ್ಲಿ ಬರೆದಿದ್ದು. 48ಕ್ಕೆ ದೊಡ್ಡದು ಮಾಡಿದರೆ ಎರಡೂ ಮಸುಕು.

ಚೌಕಳಿ:
ಬಾಳೆ ಸುಲಭ. 16ರಿಂದ 48 ಸರಿಯಾಗಿ ಮೂರು ಪಟ್ಟು. ಚಿತ್ರ ತಿದ್ದೋ ಎಡಿಟರ್‌ನಲ್ಲಿ ಇಂಟರ್‌ಪೋಲೇಶನ್ (ದೊಡ್ಡದು ಮಾಡುವಾಗ ಬಣ್ಣ ಬೆರೆಸೋ ವಿಧಾನ) ‘ನನ್’ ಅಥವಾ ‘ನಿಯರೆಸ್ಟ್ ನೇಬರ್’ ಇಟ್ಟು 300% ಮಾಡಿ, ಒಂದು ಪಿಕ್ಸೆಲ್ 3×3 ಆಗುತ್ತೆ, ಮಸುಕಾಗಲ್ಲ. 32ರಿಂದ 48 ಒಂದೂವರೆ ಪಟ್ಟು. ಅರ್ಧ ಪಿಕ್ಸೆಲ್ ಇಲ್ಲದ್ದರಿಂದ ಕೆಲವು ಗೆರೆ ದಪ್ಪ, ಕೆಲವು ಸಣ್ಣ ಆಗಿ ಕಟ್ಟೆಯ ಕಲ್ಲುಗಳು ವಕ್ರ ಆಗುತ್ತವೆ. ಅದನ್ನ 48ರಲ್ಲೇ ಹೊಸದಾಗಿ ಬರೆಯಿರಿ, ಪಕ್ಕದ ಮನೆಯ ಟೈಲ್‌ನಿಂದಲೇ ಬಣ್ಣ ಎತ್ತಿಕೊಳ್ಳಿ. ಬಿ ಹಾಳೆಯ ಅಳತೆ 768×768, ಅಂದರೆ 16 ಸಾಲು, 16 ಕಂಬ. ಗ್ರಿಡ್ 48ಕ್ಕೆ ಇಟ್ಟೇ ಅಂಟಿಸಿ. ಒಂದು ಪಿಕ್ಸೆಲ್ ಸರಿದರೂ ಪಕ್ಕದ ಟೈಲ್‌ನ ಅಂಚು ಗೆರೆಯಾಗಿ ಕಾಣುತ್ತೆ. ಮೇಲಿನ ಎಡ ಮೂಲೆಯ ಮೊದಲ ಚೌಕ ಖಾಲಿ ಬಿಡಿ, ಮ್ಯಾಪಿನಲ್ಲಿ ಇಟ್ಟ ಮರ, ಪೊದೆ ಅಳಿಸೋಕೆ ಬಳಸೋದು ಅದನ್ನೇ.