ಎರಡು ಡೇಟಾಬೇಸ್ ಸರ್ವರ್ ಇವೆ, ಫೇಲ್‌ಓವರ್ (ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವುದು) ತಾನಾಗಿ ಆಗಬೇಕು: ಮೂರನೆಯದು ಬೇಕೇ ಬೇಕೇ?

ಕಣಜ:
ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ 15 ಡೇಟಾಬೇಸ್ ಮೇಲೆ ನಡೆಯುತ್ತಿದೆ. ಒಂದು ಪ್ರೈಮರಿ (ಬರಹಗಳೆಲ್ಲ ಹೋಗುವ ಸರ್ವರ್), ಒಂದು ಸ್ಟ್ಯಾಂಡ್‌ಬೈ (ಅದರ ನಕಲು), ಎಸಿಂಕ್ ರೆಪ್ಲಿಕೇಶನ್ (ನಕಲಿಗೆ ತಲುಪುವವರೆಗೆ ಬರಹ ಕಾಯುವುದಿಲ್ಲ). ಪ್ರೈಮರಿ ಬಿದ್ದರೆ ಯಾರಾದರೂ ಲಾಗಿನ್ ಆಗಿ ಸ್ಟ್ಯಾಂಡ್‌ಬೈಯನ್ನು ಪ್ರಮೋಟ್ ಮಾಡಿ (ಪ್ರೈಮರಿಯಾಗಿಸಿ), ಆ್ಯಪ್‌ನ ಕಾನ್ಫಿಗ್‌ನಲ್ಲಿ ಐಪಿ ಬದಲಿಸಬೇಕು. ಇದು ತಾನಾಗಿ ಆಗುವಂತೆ ಮಾಡಬೇಕಿದೆ. ಸ್ಟ್ಯಾಂಡ್‌ಬೈ 5 ಸೆಕೆಂಡಿಗೊಮ್ಮೆ ಪ್ರೈಮರಿಯನ್ನು ಪಿಂಗ್ ಮಾಡಿ, ಮೂರು ಸಲ ಉತ್ತರ ಬರದಿದ್ದರೆ ತಾನೇ ಪ್ರಮೋಟ್ ಆಗುವ ಸ್ಕ್ರಿಪ್ಟ್ ಸಾಲದೇ? ಡೇಟಾ ಎರಡು ಕಡೆ ಇರುವಾಗ ಮೂರನೇ ಮಷಿನ್‌ಗೆ ಏನು ಕೆಲಸ? ಕಮಿಟ್ ಆದ (ದಾಖಲಾಯಿತೆಂದು ಖಚಿತವಾದ) ಒಂದು ಬಿಲ್ಲೂ ಕಳೆಯಬಾರದು, 1 ನಿಮಿಷದೊಳಗೆ ಸಿಸ್ಟಮ್ ಎದ್ದಿರಬೇಕು.

ಪಹರೆ:
ಆ ಸ್ಕ್ರಿಪ್ಟ್ ಬೇಡ. ಪಿಂಗ್‌ಗೆ ಉತ್ತರ ಬರಲಿಲ್ಲ ಎಂದರೆ ಪ್ರೈಮರಿ ಸತ್ತಿದೆ ಎಂದಲ್ಲ, ಸ್ಟ್ಯಾಂಡ್‌ಬೈಗೆ ಅದು ಕಾಣುತ್ತಿಲ್ಲ ಎಂದಷ್ಟೇ. ನಡುವಿನ ಸ್ವಿಚ್ ಕೆಟ್ಟಿದ್ದು, ಕೆಲವು ಆ್ಯಪ್ ಸರ್ವರ್‌ಗಳು ಇನ್ನೂ ಹಳೇ ಪ್ರೈಮರಿಗೇ ಬರೆಯುತ್ತಿದ್ದರೆ, ಸ್ಟ್ಯಾಂಡ್‌ಬೈ ಪ್ರಮೋಟ್ ಆದ ಕ್ಷಣದಿಂದ ಎರಡು ಕಡೆ ಬೇರೆ ಬೇರೆ ಬಿಲ್‌ಗಳು ಒಂದೇ ನಂಬರ್ ಪಡೆಯುತ್ತವೆ. ಆಮೇಲೆ ಅವನ್ನು ಕೂಡಿಸುವ ಟೂಲ್ ಯಾವುದೂ ಇಲ್ಲ. ಒಂದು ಕಡೆಯದನ್ನು ಕೈಯಾರೆ ಮತ್ತೆ ಎಂಟ್ರಿ ಮಾಡಬೇಕು. ಇಂಥ ಸ್ಪ್ಲಿಟ್ ಬ್ರೇನ್‌ಗಿಂತ ಅರ್ಧ ಗಂಟೆ ಡೌನ್ ಇರುವುದೇ ಎಷ್ಟೋ ವಾಸಿ.

ಮೂರನೆಯದು ಇರುವುದು ಬಹುಮತಕ್ಕೆ. ರೂಢಿಯಲ್ಲಿರುವ ಜೋಡಣೆ ಪ್ಯಾಟ್ರೋನಿ (ಪೋಸ್ಟ್‌ಗ್ರೆಸ್‌ನ ಫೇಲ್‌ಓವರ್ ನೋಡಿಕೊಳ್ಳುವ ಸಾಫ್ಟ್‌ವೇರ್) ಮತ್ತು ಇಟಿಸಿಡಿ (ಯಾರು ಲೀಡರ್ ಎಂಬಂಥ ಮಾಹಿತಿಯನ್ನು ಬಹುಮತದಿಂದ ಕಾಯುವ ಸಣ್ಣ ಡೇಟಾ ಸ್ಟೋರ್). ಇಟಿಸಿಡಿ ಮೂರೂ ಮಷಿನ್‌ಗಳಲ್ಲಿ ಓಡುತ್ತದೆ, ಯಾವುದೇ ಎರಡು ಒಪ್ಪಿದರೆ ತೀರ್ಮಾನ. ಪ್ರೈಮರಿ ಅದರಲ್ಲಿ ಒಂದು ಲೀಡರ್ ಕೀ ಹಿಡಿದಿರುತ್ತದೆ: ಆಯಸ್ಸು (ಟಿಟಿಎಲ್) 30 ಸೆಕೆಂಡ್, 10 ಸೆಕೆಂಡಿಗೊಮ್ಮೆ (ಲೂಪ್ ವೇಟ್) ನವೀಕರಣ. ನವೀಕರಿಸಲು ಆಗದಿದ್ದರೆ ಪ್ರೈಮರಿ ತಾನೇ ಕೆಳಗಿಳಿಯುತ್ತದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದು ಈ ಇಳಿಯುವ ಅರ್ಧ.

ಟಿಟಿಎಲ್ ಕಡಿಮೆ ಮಾಡಹೊರಟರೆ ಒಂದು ಲೆಕ್ಕ ನೋಡಿಕೊಳ್ಳಿ: ಲೂಪ್ ವೇಟ್ ಮತ್ತು ಎರಡು ಪಟ್ಟು ರಿಟ್ರೈ ಟೈಮ್‌ಔಟ್ (ಸೋತ ಕರೆಯನ್ನು ಮತ್ತೆ ಯತ್ನಿಸುವ ಅವಧಿ) ಕೂಡಿದರೆ ಟಿಟಿಎಲ್ ಮೀರಬಾರದು. ಡಿಫಾಲ್ಟ್‌ನಲ್ಲಿ 10 + 20 = 30, ಅಂದರೆ ಅಂಚಿನಲ್ಲೇ ಇದೆ.

ಇಟಿಸಿಡಿಗೆ ದೊಡ್ಡ ಮಷಿನ್ ಬೇಡ, ಆದರೆ ಎಸ್‌ಎಸ್‌ಡಿ ಬೇಕು. ಪ್ರತಿ ಬರಹವನ್ನೂ ಎಫ್‌ಸಿಂಕ್ ಮಾಡಿಯೇ (ಡಿಸ್ಕ್‌ಗೆ ಬಿದ್ದದ್ದು ಖಚಿತವಾದ ಮೇಲೆಯೇ) ಮುಂದೆ ಹೋಗುತ್ತದೆ. ಡಿಸ್ಕ್ ನಿಧಾನವಾದರೆ ಹಾರ್ಟ್‌ಬೀಟ್ ತಪ್ಪಿ ಮತ್ತೆ ಮತ್ತೆ ಲೀಡರ್ ಚುನಾವಣೆ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನ ಡೇಟಾ ಇರುವ ಡಿಸ್ಕ್‌ನಲ್ಲೇ ಇಡಬೇಡಿ. ಇಡೀ ಇಟಿಸಿಡಿ ನಿಂತರೆ ಡೇಟಾಬೇಸ್ ಎಷ್ಟೇ ಚೆನ್ನಾಗಿದ್ದರೂ ರೀಡ್ ಓನ್ಲಿ ಆಗುತ್ತದೆ, ಅದಕ್ಕೆ ಪ್ಯಾಟ್ರೋನಿ 3.0ರಿಂದ ಬಂದ ಫೇಲ್‌ಸೇಫ್ ಮೋಡ್ (ಉಳಿದ ಮಷಿನ್‌ಗಳೆಲ್ಲ ಕಾಣುತ್ತಿದ್ದರೆ ಪ್ರೈಮರಿ ಕೆಳಗಿಳಿಯದಿರುವ ವ್ಯವಸ್ಥೆ) ಆನ್ ಮಾಡಿ. ಮೂರೂ ವಿಎಂ (ವರ್ಚುವಲ್ ಮಷಿನ್) ಆಗಿದ್ದರೆ ಬೇರೆ ಬೇರೆ ಹೋಸ್ಟ್ (ನಿಜವಾದ ಮಷಿನ್) ಮೇಲಿರಲಿ. ಎರಡು ಒಂದೇ ಹೋಸ್ಟ್‌ನಲ್ಲಿದ್ದರೆ ಅದು ಬಿದ್ದಾಗ ಬಹುಮತವೂ ಜೊತೆಗೇ ಹೋಗುತ್ತದೆ.

ಗಟ್ಟಿಬುನಾದಿ:
"ಒಂದು ಬಿಲ್ಲೂ ಕಳೆಯಬಾರದು", "1 ನಿಮಿಷದೊಳಗೆ" ಎಂದಿದ್ದೀರಿ. ಎರಡಕ್ಕೂ ಡಿಫಾಲ್ಟ್ ಸೆಟ್ಟಿಂಗ್ ಒದಗುವುದಿಲ್ಲ.

ಎಸಿಂಕ್‌ನಲ್ಲಿ ಪ್ಯಾಟ್ರೋನಿ 1 ಎಂಬಿವರೆಗೆ ಹಿಂದುಳಿದ ಸ್ಟ್ಯಾಂಡ್‌ಬೈಯನ್ನೂ ಪ್ರಮೋಟ್ ಮಾಡುತ್ತದೆ. 1 ಎಂಬಿ ವಾಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ಬರೆಯುವ ಲಾಗ್) ನೂರಾರು ಬಿಲ್ ಹಿಡಿಯಬಹುದು. ಆದ್ದರಿಂದ ಸಿಂಕ್ರೊನಸ್ ಮೋಡ್ (ಸ್ಟ್ಯಾಂಡ್‌ಬೈಗೂ ತಲುಪಿದ ಮೇಲೆಯೇ ಕಮಿಟ್) ಆನ್ ಮಾಡಿ. ಆದರೆ ಸ್ಟ್ಯಾಂಡ್‌ಬೈ ಒಂದೇ ಇದ್ದು ಅದು ನಿಂತರೆ, ಸಾದಾ ಮೋಡ್‌ನಲ್ಲಿ ಪ್ರೈಮರಿ ಸದ್ದಿಲ್ಲದೆ ಎಸಿಂಕ್‌ಗೆ ಇಳಿಯುತ್ತದೆ. ಸ್ಟ್ರಿಕ್ಟ್ ಮೋಡ್‌ನಲ್ಲಿ ಬರಹವೇ ನಿಲ್ಲುತ್ತದೆ. ಈ ಇಕ್ಕಟ್ಟು ಬೇಡವಾದರೆ ಮೂರನೇ ಮಷಿನ್‌ನಲ್ಲೂ ಪೂರ್ತಿ ಡೇಟಾ ಇಡಿ. ನನ್ನ ಪ್ರಕಾರ ಬಿಲ್ಲಿಂಗ್‌ಗೆ ಬೇರೆ ದಾರಿ ಇಲ್ಲ.

ಸಮಯದ ವಿಷಯ. ಇಡೀ ಮಷಿನ್ ಸತ್ತರೆ ಟಿಟಿಎಲ್ ಮುಗಿದು, ಪ್ರಮೋಟ್ ಆಗಿ, ಆ್ಯಪ್‌ನ ಕನೆಕ್ಷನ್‌ಗಳನ್ನು ಲೀಡರ್‌ಗೆ ಕಳಿಸುವ ಪ್ರಾಕ್ಸಿಗೆ ತಿಳಿಯುವುದು ಸಾಮಾನ್ಯವಾಗಿ ನಿಮಿಷದೊಳಗೆ ಮುಗಿಯುತ್ತದೆ. ಆದರೆ ಪೋಸ್ಟ್‌ಗ್ರೆಸ್ ಮಾತ್ರ ಕ್ರ್ಯಾಶ್ ಆಗಿ ಪ್ಯಾಟ್ರೋನಿ ಬದುಕಿದ್ದರೆ, ಅದು ಮೊದಲು ಅಲ್ಲೇ ಎಬ್ಬಿಸಲು ನೋಡುತ್ತದೆ. ಆ ಪ್ರೈಮರಿ ಸ್ಟಾರ್ಟ್ ಟೈಮ್‌ಔಟ್ ಡಿಫಾಲ್ಟ್ ಆಗಿ 300 ಸೆಕೆಂಡ್! 20ಕ್ಕೆ ಇಳಿಸಿ; ಹಿಂದೆ ಮುಂದೆ ಒಂದೊಂದು ಲೂಪ್ ವೇಟ್ ಸೇರಿ ಹೆಚ್ಚೆಂದರೆ 40 ಆಗುತ್ತದೆ.

ಇನ್ನೊಂದು, ಯಾವ ಕ್ಲಸ್ಟರೂ ಬಗೆಹರಿಸದ್ದು: ಕಮಿಟ್ ಕಳಿಸಿದ ಮೇಲೆ ಉತ್ತರ ಬರುವ ಮೊದಲೇ ಕನೆಕ್ಷನ್ ಕಡಿದರೆ, ಅದು ದಾಖಲಾಗಿರಲೂಬಹುದು, ಇಲ್ಲದಿರಲೂಬಹುದು. ಆ್ಯಪ್ ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಬಿಲ್ ಎರಡಾಗುತ್ತದೆ. ಪ್ರತಿ ವಿನಂತಿಗೂ ಆ್ಯಪ್ ಕಡೆಯಿಂದಲೇ ಒಂದು ಐಡಿ ಕೊಟ್ಟು, ಆ ಕಾಲಂಗೆ ಯುನೀಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಸೇರಲು ಬಿಡದ್ದು) ಹಾಕಿ. ಹಾಗೆಯೇ ಬಿಲ್ ನಂಬರನ್ನು ಸೀಕ್ವೆನ್ಸ್‌ನಿಂದ (ಪೋಸ್ಟ್‌ಗ್ರೆಸ್‌ನದೇ ನಂಬರ್ ಎಣಿಕೆ) ತೆಗೆಯುತ್ತಿದ್ದರೆ, ಫೇಲ್‌ಓವರ್ ಆದಾಗ 32ರವರೆಗೆ ನಂಬರ್ ಹಾರಬಹುದು, ಏಕೆಂದರೆ ಪೋಸ್ಟ್‌ಗ್ರೆಸ್ ಸೀಕ್ವೆನ್ಸನ್ನು 32ರ ಕಂತಿನಲ್ಲಿ ಮುಂಗಡವಾಗಿ ವಾಲ್‌ಗೆ ಬರೆದಿರುತ್ತದೆ. ಆಡಿಟ್‌ನವರು ಕೇಳುವ ಮೊದಲೇ ಗೊತ್ತಿರಲಿ.

ಕಣಜ:
ಥ್ಯಾಂಕ್ಸ್, ಮೂರನೆಯದರಲ್ಲೂ ಪೂರ್ತಿ ಡೇಟಾ ಇಡುತ್ತೇನೆ. ಆ್ಯಪ್ ಕಡೆ ಐಪಿ ಬದಲಾಗುವುದು ಹೇಗೆ? ಹಳೇ ಪ್ರೈಮರಿ ಎದ್ದು ಬಂದರೆ ಏನಾಗುತ್ತದೆ?

ಸೇತು:
ಆ್ಯಪ್ ಮತ್ತು ಡೇಟಾಬೇಸ್ ನಡುವೆ ಎಚ್‌ಎಪ್ರಾಕ್ಸಿ ಎಂಬ ಪ್ರಾಕ್ಸಿ ಇಡಿ. ಪ್ಯಾಟ್ರೋನಿ 8008 ಪೋರ್ಟ್‌ನಲ್ಲಿ ಉತ್ತರಿಸುತ್ತದೆ: ಪ್ರೈಮರಿ ವಿಳಾಸ ಕೇಳಿದಾಗ ಲೀಡರ್ 200 (ಸರಿ) ಕೊಡುತ್ತದೆ, ಉಳಿದವು 503 (ಲಭ್ಯವಿಲ್ಲ). 3 ಸೆಕೆಂಡಿಗೊಮ್ಮೆ ಚೆಕ್, 3 ಸೋಲಿಗೆ ಡೌನ್, 2 ಗೆಲುವಿಗೆ ಅಪ್ ಇದ್ದರೆ ಸಾಕು. ಸರ್ವರ್ ಡೌನ್ ಎಂದು ಗುರುತಾದಾಗ ಅದರ ಸೆಷನ್‌ಗಳನ್ನು ಕಡಿಯುವ ಆಯ್ಕೆ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೂಲ್‌ನಲ್ಲಿರುವ (ಆ್ಯಪ್ ತೆರೆದೇ ಇಟ್ಟುಕೊಂಡಿರುವ) ಹಳೇ ಕನೆಕ್ಷನ್‌ಗಳು ಸತ್ತ ಮಷಿನ್‌ಗೇ ಜೋತುಬಿದ್ದಿರುತ್ತವೆ: ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯೇ ಎಂಬ ವಿಚಾರಣೆ) ಡಿಫಾಲ್ಟ್ 7200 ಸೆಕೆಂಡ್, ಅಂದರೆ ಮೊದಲ ವಿಚಾರಣೆಯೇ 2 ಗಂಟೆ ಕಳೆದ ಮೇಲೆ. "ಫೇಲ್‌ಓವರ್ ಆಯಿತು, ಆ್ಯಪ್ ಮಾತ್ರ ಏಳಲಿಲ್ಲ" ಅನ್ನುವ ದೂರುಗಳ ಹಿಂದೆ ಹಲವು ಸಲ ಇರುವುದು ಇದೇ. ಎಚ್‌ಎಪ್ರಾಕ್ಸಿ ಒಂದೇ ಆದರೆ ಅದು ಬಿದ್ದರೆ ಎಲ್ಲವೂ ಬಿದ್ದಂತೆ. ಎರಡಿಟ್ಟು ಕೀಪ್‌ಅಲೈವ್‌ಡಿ ಎಂಬ ಬೇರೆ ಸಾಫ್ಟ್‌ವೇರ್‌ನಿಂದ ವರ್ಚುವಲ್ ಐಪಿ (ಬದುಕಿರುವ ಪ್ರಾಕ್ಸಿಗೆ ಹೋಗುವ ಒಂದೇ ವಿಳಾಸ) ಕೊಡಿ.

ಹಳೇ ಪ್ರೈಮರಿ ಮರಳಿದಾಗ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದ್ದರೆ, ಪ್ಯಾಟ್ರೋನಿ ಪಿಜಿ ರಿವೈಂಡ್ (ಹೊಸ ಪ್ರೈಮರಿಗಿಂತ ಬೇರೆಯಾದ ಭಾಗವನ್ನಷ್ಟೇ ಸರಿಪಡಿಸುವ ಟೂಲ್) ಬಳಸಿ ಅದನ್ನು ಸ್ಟ್ಯಾಂಡ್‌ಬೈ ಮಾಡುತ್ತದೆ. ಅದಕ್ಕೆ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಆನ್ ಇರಬೇಕು. ಪೋಸ್ಟ್‌ಗ್ರೆಸ್ 15ರಲ್ಲಿ ಎರಡೂ ಡಿಫಾಲ್ಟ್ ಆಗಿ ಆಫ್. ಈಗಲೇ ಆನ್ ಮಾಡಿ, ಇಲ್ಲದಿದ್ದರೆ ಪ್ರತಿ ಸಲವೂ ಇಡೀ ಡೇಟಾಬೇಸ್ ಹೊಸದಾಗಿ ಕಾಪಿ ಆಗಬೇಕಾಗುತ್ತದೆ. ಈಗಿನ ಸೆಟಪ್‌ನಲ್ಲಿ ಕೈಯಾರೆ ಮಾಡಿದ ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಓದುವವರೆಗೆ ವಾಲ್ ಉಳಿಸುವ ಗುರುತು) ಇದ್ದರೆ ತೆಗೆದುಬಿಡಿ. ಓದುವವರಿಲ್ಲದ ಸ್ಲಾಟ್ ವಾಲ್ ಫೈಲ್‌ಗಳನ್ನು ಹಿಡಿದಿಟ್ಟು ಡಿಸ್ಕ್ ತುಂಬಿಸುತ್ತದೆ, ಮಿತಿ ಹಾಕದಿದ್ದರೆ ಕೊನೆಯೇ ಇಲ್ಲ.

ಯಾರೋ ಟೇಬಲ್ ಡ್ರಾಪ್ ಮಾಡಿದರೆ ಅದೂ ಮೂರೂ ಕಡೆ ನಿಷ್ಠೆಯಿಂದ ನಡೆಯುತ್ತದೆ. ಬ್ಯಾಕಪ್ ಬೇರೆಯೇ ಬೇಕು.

ಪಹರೆ:
ಪರೀಕ್ಷೆ ಮಾಡುವಾಗ ಸರ್ವೀಸ್ ಸ್ಟಾಪ್ ಮಾಡಿ ನೋಡಿ ಬಿಡಬೇಡಿ, ಅದು ಸೌಮ್ಯ ಸಾವು. ಫೈರ್‌ವಾಲ್‌ನಲ್ಲಿ ಪ್ರೈಮರಿಯ ಟ್ರಾಫಿಕ್ ಡ್ರಾಪ್ ಮಾಡಿ ನೋಡಿ. ಆಮೇಲೆ ಪ್ಯಾಟ್ರೋನಿ ಪ್ರೋಸೆಸ್‌ಗೆ ಸ್ಟಾಪ್ ಸಿಗ್ನಲ್ (ಮುಗಿಸದೆ ಹಾಗೇ ತಡೆದು ನಿಲ್ಲಿಸುವುದು) ಕಳಿಸಿ, ಪೋಸ್ಟ್‌ಗ್ರೆಸ್ ಓಡುತ್ತಲೇ ಇರಲಿ. ಈಗ ಕೆಳಗಿಳಿಸುವವರು ಯಾರೂ ಇಲ್ಲ. ಕಾಪಾಡಬೇಕಾದದ್ದು ವಾಚ್‌ಡಾಗ್ (ಪ್ಯಾಟ್ರೋನಿಯ ಸುದ್ದಿ ಇಲ್ಲದಿದ್ದರೆ ಮಷಿನನ್ನೇ ರೀಬೂಟ್ ಮಾಡುವ ಕಾವಲು), ಟಿಟಿಎಲ್ ಮುಗಿಯುವ 5 ಸೆಕೆಂಡ್ ಮೊದಲೇ ಮಷಿನ್ ರೀಬೂಟ್ ಆಗಬೇಕು. ಹಾರ್ಡ್‌ವೇರ್ ವಾಚ್‌ಡಾಗ್ ಇಲ್ಲದಿದ್ದರೆ ಲಿನಕ್ಸ್‌ನ ಸಾಫ್ಟ್‌ಡಾಗ್ ಮಾಡ್ಯೂಲ್ (ಸಾಫ್ಟ್‌ವೇರ್ ವಾಚ್‌ಡಾಗ್) ಲೋಡ್ ಮಾಡಿ. ಮೋಡ್ "ರಿಕ್ವೈರ್ಡ್" ಇರಲಿ. "ಆಟೋಮ್ಯಾಟಿಕ್" ಇದ್ದರೆ ವಾಚ್‌ಡಾಗ್ ಸಿಗದಿದ್ದರೂ ಪ್ಯಾಟ್ರೋನಿ ಲೀಡರ್ ಆಗಿಬಿಡುತ್ತದೆ. ರೀಬೂಟ್ ಆಗದಿದ್ದರೆ ಹಳೇ ಮಷಿನ್‌ನ 5432 (ಪೋಸ್ಟ್‌ಗ್ರೆಸ್‌ನ ಪೋರ್ಟ್) ಇನ್ನೂ ತೆರೆದೇ ಇರುತ್ತದೆ, ಪ್ರಾಕ್ಸಿ ಬಿಟ್ಟು ನೇರ ಐಪಿ ಹಾಕಿಕೊಂಡ ಯಾವುದೋ ರಿಪೋರ್ಟ್ ಸ್ಕ್ರಿಪ್ಟ್ ಅಲ್ಲೇ ಬರೆಯುತ್ತಿರುತ್ತದೆ.